ಸಿಪಾಯಿಯ ರೈಫಲ್ ಶಿಕಾರಿಯ ರೈಫಲ್ ಆದದ್ದು ಹೇಗೆ? .303 ಮತ್ತು .315ರ ನಡುವಿನ ಕಥೆ

ಚುನಾವಣೆ ಘೋಷಣೆಯಾಯಿತು ಎಂದರೆ ಪೊಲೀಸ್ ಠಾಣೆಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಬಂದೂಕಿನ ಲೈಸೆನ್ಸ್ ಇರುವವರು ಸಾಮಾನ್ಯವಾಗಿ ತಮ್ಮ ಬಂದೂಕನ್ನು ಠಾಣೆಗೆ ತಂದು ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ವಾಪಸ್ ತೆಗೆದುಕೊಂಡು ಹೋಗಬೇಕು. ಬಂಗಾರಪೇಟೆ, ಕೆಜಿಎಫ್ ಕಡೆ ಬಂದೂಕು ಅನ್ನುವವರಿಗಿಂತ ತುಪಾಕಿ ಅನ್ನುವವರೇ ಜಾಸ್ತಿ. ತೆಲುಗು, ತಮಿಳು, ಕನ್ನಡ ಮೂರೂ ಬೆರೆತ ನೆಲದಲ್ಲಿ ಮೂರು ಭಾಷೆಗೂ ಹೊಂದುವ ಪದ ಅದು.

ಹಾಗೆ ಠಾಣೆಗೆ ಬರುವ ತುಪಾಕಿಗಳಲ್ಲಿ ಹೆಚ್ಚಿನವು ಒಂಟಿ ನಳಿಗೆಯವು, ಜೋಡಿ ನಳಿಗೆಯವು. ನಡುವೆ ಅಲ್ಲೊಂದು ಇಲ್ಲೊಂದು ರೈಫಲ್ ಕಾಣುತ್ತದೆ. ಅದರ ಅಳತೆ ಕೇಳಿದರೆ ‘.315’ ಅನ್ನುತ್ತಾರೆ. ಅದನ್ನು ಪಕ್ಕಕ್ಕಿಟ್ಟು, ನಮ್ಮ ಪೊಲೀಸರು ದಶಕಗಟ್ಟಲೆ ಹೆಗಲಿಗೆ ಹಾಕಿಕೊಂಡು ತಿರುಗಿದ ‘ತ್ರೀ ನಾಟ್ ತ್ರೀ’ ಅಂದರೆ .303 ರೈಫಲನ್ನು ನೋಡಿ. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದೇ ರೀತಿ ಎಳೆದು ದೂಡುವ ಬೋಲ್ಟು, ಅದೇ ರೀತಿಯ ಚೌಕಟ್ಟು.

ಆದರೆ .315 ಅನ್ನು ಲೈಸೆನ್ಸ್ ಪಡೆದ ರೈತ ಇಟ್ಟುಕೊಳ್ಳಬಹುದು. .303 ಇಟ್ಟುಕೊಳ್ಳುವಂತಿಲ್ಲ. ಅದು ‘ನಿಷೇಧಿತ ಬೋರ್’.

ಎರಡರ ಹೆಸರಿನಲ್ಲಿರುವ ಅಳತೆಯ ವ್ಯತ್ಯಾಸ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ಅಷ್ಟು ಸಣ್ಣ ಅಂತರಕ್ಕೆ ಒಂದು ಕಡೆ ಲೈಸೆನ್ಸ್, ಇನ್ನೊಂದು ಕಡೆ ಜೈಲು ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ 1857ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ಬುಗುರಿಯ ಹಾಗೆ ತಿರುಗುವ ಗುಂಡು

ಮೊದಲು ರೈಫಲ್ ಅಂದರೆ ಏನು ಅಂತ ಸರಳವಾಗಿ ನೋಡೋಣ.

ಹಳೆಯ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತಿತ್ತು, ನೀರಿನ ಪೈಪಿನ ಹಾಗೆ. ಅದರಿಂದ ಹೊರಟ ಗುಂಡು ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಎತ್ತೆತ್ತಲೋ ಹೋಗುತ್ತಿತ್ತು. ರೈಫಲಿನ ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ಜೋರಾಗಿ ತಿರುಗುವ ಬುಗುರಿ ಬೀಳದೆ ನೆಟ್ಟಗೆ ನಿಲ್ಲುತ್ತದಲ್ಲ, ಹಾಗೆಯೇ ತಿರುಗುವ ಗುಂಡು ದಾರಿ ತಪ್ಪದೆ ದೂರ ಹೋಗುತ್ತದೆ. ಗೀರಿದ್ದರೆ ರೈಫಲ್, ಇಲ್ಲದಿದ್ದರೆ ಸಾದಾ ಬಂದೂಕು.

1850ರ ದಶಕದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಎನ್‌ಫೀಲ್ಡ್ ರೈಫಲ್ ಬಂತು. ಅದರ ತೋಟಾದ ಕಾಗದಕ್ಕೆ ಹಂದಿ ಮತ್ತು ದನದ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಸಿಪಾಯಿಗಳ ನಡುವೆ ಹರಡಿದ್ದು, 1857ರ ದಂಗೆಗೆ ಅದು ಕಿಡಿಯಾದದ್ದು ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ದಂಗೆ ಅಡಗಿದ ಮೇಲೆ ಆ ರೈಫಲಿಗೆ ಏನಾಯಿತು ಎಂಬುದು ಪಾಠದಲ್ಲಿ ಇರುವುದಿಲ್ಲ.

ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ‘1858ರ ಮಾದರಿ’ ಎಂಬ ಬಂದೂಕು ಕೊಟ್ಟರು. ಹೊರಗಿನಿಂದ ನೋಡಿದರೆ ಅದು ಎನ್‌ಫೀಲ್ಡ್ ತರಹವೇ ಇತ್ತು. ಆದರೆ ನಳಿಗೆಯೊಳಗೆ ಗೀರು ಇರಲಿಲ್ಲ. ಮೊದಲು ಇದ್ದ ರೈಫಲುಗಳ ಗೀರುಗಳನ್ನೇ ಕೊರೆದು ತೆಗೆದರು. ಹಾಗೆ ಕೊರೆದ ನಳಿಗೆಯ ಗೋಡೆ ತೆಳ್ಳಗಾಗಿ ಉಬ್ಬತೊಡಗಿದಾಗ ಹೊಸದಾಗಿ ದಪ್ಪ ನಳಿಗೆಯ ನುಣುಪು ಬಂದೂಕುಗಳನ್ನೇ ಮಾಡಿಸಿದರು. ದೂರದ ಗುರಿ ಹಿಡಿಯುವ ಅಳತೆಪಟ್ಟಿಯನ್ನೂ ತೆಗೆದು ಸಾದಾ ಗುರಿಗಣ್ಣು ಇಟ್ಟರು.

ಅಂದರೆ ನಮ್ಮ ದೇಶದಲ್ಲಿ ಸೈನ್ಯದ ರೈಫಲನ್ನು ಬೇರೆ ಕೆಲಸಕ್ಕೆ ಮಾರ್ಪಡಿಸುವ ಕಥೆ ಶುರುವಾದದ್ದೇ ಅದರ ಶಕ್ತಿಯನ್ನು ಕಡಿಮೆ ಮಾಡುವುದರಿಂದ. ತಮ್ಮದೇ ಸಿಪಾಯಿಯನ್ನು ಸರ್ಕಾರ ನಂಬುತ್ತಿರಲಿಲ್ಲ.

ಮುಂದೆ ಇದೇ ರೂಢಿಯಾಯಿತು. ಬಿಳಿಯ ಸೈನಿಕರಿಗೆ ಮಾರ್ಟಿನಿ–ಹೆನ್ರಿ ರೈಫಲ್ ಬಂದಾಗ ಭಾರತೀಯ ಸಿಪಾಯಿಗಳ ಕೈಯಲ್ಲಿ ಹಳೆಯ ಸ್ನೈಡರ್ ಇತ್ತು. ಬಿಳಿಯರಿಗೆ ಹಲವು ತೋಟಾ ತುಂಬುವ ಲೀ–ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಮಾರ್ಟಿನಿ ಸಿಕ್ಕಿತು. ಯಾವಾಗಲೂ ಒಂದು ಮೆಟ್ಟಿಲು ಕೆಳಗೆ.

ಪ್ರಜೆಗೆ ಬಂದ ಕಾಯ್ದೆ

ಸಿಪಾಯಿಯದ್ದು ಹೀಗಾದರೆ ಸಾಮಾನ್ಯ ಜನರದ್ದು ಹೇಗೆ? ವೈಸರಾಯ್ ಲಿಟ್ಟನ್ ಕಾಲದಲ್ಲಿ, 1878ರಲ್ಲಿ, ಶಸ್ತ್ರಾಸ್ತ್ರ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಭಾರತೀಯರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಯುರೋಪಿಯನ್ನರಿಗೆ ಬೇಕಾದಷ್ಟು ವಿನಾಯಿತಿ ಇತ್ತು.

ಅಹಿಂಸೆಯ ಗಾಂಧೀಜಿಯೂ ಈ ಕಾಯ್ದೆಯನ್ನು ವಿರೋಧಿಸಿದ್ದರು ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಅವರು ಸರ್ಕಾರದ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕೆಂಬುದೂ ಒಂದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲೂ ನಿಯಮಕ್ಕೆ ಒಳಪಟ್ಟು ಶಸ್ತ್ರ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. ಬಂದೂಕು ಹಿಡಿಯಬೇಕೆಂಬ ಆಸೆ ಅವರಿಗಿರಲಿಲ್ಲ. ಒಂದು ಇಡೀ ದೇಶದ ಜನರನ್ನು ಅನುಮಾನದಿಂದ ನೋಡುವ ಕಾಯ್ದೆ ಅವಮಾನ ಎಂಬುದು ಅವರ ವಾದವಾಗಿತ್ತು.

ಚಿನ್ನದ ಗಣಿಯಲ್ಲಿ ರೈಫಲ್ ಯಾರ ಕೈಯಲ್ಲಿತ್ತು?

ಈಗ ನಮ್ಮ ನೆಲಕ್ಕೆ ಬರೋಣ. ಮಾರಿಕುಪ್ಪಂ ಸುತ್ತ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು 1802ರಲ್ಲಿ ಕಂಡು ಬರೆದವರು ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೈನಿಕ ಅಧಿಕಾರಿ. 1870ರ ದಶಕದಲ್ಲಿ ಇಲ್ಲಿ ಗಣಿ ಅಗೆಯಲು ಪರವಾನಗಿ ಪಡೆದ ಮೈಕೆಲ್ ಲವೆಲ್ ಕೂಡ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಸೈನಿಕ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆಮೇಲೆ ಬೌರಿಂಗ್‌ಪೇಟೆಯಿಂದ ಗಣಿಯವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದಕ್ಕಿತ್ತು.

ಚಿನ್ನ ಇರುವ ಕಡೆ ಕಾವಲು ಇರಲೇಬೇಕು. ಕೆಜಿಎಫ್ ಇವತ್ತಿಗೂ ಪ್ರತ್ಯೇಕ ಪೊಲೀಸ್ ಜಿಲ್ಲೆ, ಅದಕ್ಕೆ ಬೇರೆ ಎಸ್‌ಪಿ ಇದ್ದಾರೆ. ಒಂದೇ ಕಂದಾಯ ಜಿಲ್ಲೆಯಲ್ಲಿ ಎರಡು ಪೊಲೀಸ್ ಜಿಲ್ಲೆ ಇರುವುದು ಆ ಗಣಿಯ ಕಾಲದ ನೆನಪು.

ಪೊಲೀಸರಲ್ಲದೆ ಇನ್ನೊಂದು ಪಡೆಯೂ ಇಲ್ಲಿತ್ತು. ಅದು ಕೋಲಾರ ಗೋಲ್ಡ್ ಫೀಲ್ಡ್ ಬೆಟಾಲಿಯನ್. ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳು, ಮೇಲ್ವಿಚಾರಕರು, ಗುಮಾಸ್ತರೇ ಬಿಡುವಿನ ವೇಳೆಯಲ್ಲಿ ಕವಾಯತು ಮಾಡಿ, ಗುರಿ ಹೊಡೆಯಲು ಕಲಿತು, ಅಗತ್ಯ ಬಿದ್ದಾಗ ಸೈನಿಕರಾಗುವ ಸ್ವಯಂಸೇವಕರ ಪಡೆ ಅದು. 1920ರ ನಂತರ ಇಂಥ ಪಡೆಗಳನ್ನೆಲ್ಲ ಸೇರಿಸಿ ‘ಆಕ್ಸಿಲರಿ ಫೋರ್ಸ್’ ಎಂದು ಕರೆದರು. ಅದಕ್ಕೆ ಸೇರಲು ಯುರೋಪಿಯನ್ ಅಥವಾ ಆಂಗ್ಲೋ–ಇಂಡಿಯನ್ ಆಗಿರಬೇಕಿತ್ತು.

ನೆಲದಡಿಗೆ ಇಳಿದು ಬಂಡೆ ಒಡೆಯುತ್ತಿದ್ದ ಸಾವಿರಾರು ಕೂಲಿಗಳು ತಮಿಳು, ತೆಲುಗು, ಕನ್ನಡದ ದಲಿತರು, ಬಡ ರೈತರು. ಅವರ ಕೈಗೆ ಡೈನಮೈಟ್ ಕೊಡುತ್ತಿದ್ದರು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವ ಕೆಲಸವೇ ಅವರದ್ದು. ರೈಫಲ್ ಮಾತ್ರ ಕೊಡುತ್ತಿರಲಿಲ್ಲ. ಸಿಡಿಮದ್ದನ್ನು ಲೆಕ್ಕ ಹಾಕಿ ಕೊಟ್ಟು ಲೆಕ್ಕ ಹಾಕಿ ವಾಪಸ್ ಪಡೆಯಬಹುದು. ಮನೆಯಲ್ಲಿರುವ ರೈಫಲನ್ನು ಹಾಗೆ ಲೆಕ್ಕ ಇಡಲು ಆಗುವುದಿಲ್ಲ.

ರೈಫಲಿನ ಯಾವ ತುದಿಯಲ್ಲಿ ಯಾರಿದ್ದರು ಎಂಬುದಕ್ಕೆ ಎರಡು ದಿನಗಳನ್ನು ನೆನೆದರೆ ಸಾಕು. 1938ರ ಏಪ್ರಿಲ್ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. 1946ರ ನವೆಂಬರ್ 4ರಂದು ಕೆಜಿಎಫ್‌ನಲ್ಲಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಆರು ಮಂದಿ ಪ್ರಾಣ ಬಿಟ್ಟರು. ಅವರ ಹೆಸರಿನಲ್ಲಿ ಇಂದಿಗೂ ಅಲ್ಲಿ ಹುತಾತ್ಮರ ದಿನ ನಡೆಯುತ್ತದೆ.

.303 ಹೋಗಿ .315 ಬಂದದ್ದು

ಇನ್ನು ಅಸಲು ಪ್ರಶ್ನೆಗೆ ಬರೋಣ.

1895ರಲ್ಲಿ ಬ್ರಿಟಿಷ್ ಸೈನ್ಯ ಲೀ–ಎನ್‌ಫೀಲ್ಡ್ ರೈಫಲನ್ನು ಒಪ್ಪಿಕೊಂಡಿತು. ಅದರ ಬೋರ್ .303 ಇಂಚು, ಅಂದರೆ 7.7 ಮಿಲಿಮೀಟರ್. ಒಮ್ಮೆಗೆ ಹತ್ತು ತೋಟಾ ಹಿಡಿಯುತ್ತಿತ್ತು. 1904ರಲ್ಲಿ ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ಇಶಾಪುರದಲ್ಲಿ ರೈಫಲ್ ಕಾರ್ಖಾನೆ ಶುರುವಾಯಿತು. ಅಲ್ಲಿಯೂ ಇದೇ ರೈಫಲ್ ತಯಾರಾಗತೊಡಗಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರು ಹಿಡಿದದ್ದು ಇದನ್ನೇ.

ಅದು ಗಟ್ಟಿಮುಟ್ಟಾದ ರೈಫಲ್. ದೂಳು, ಕೆಸರು, ಮಳೆ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಕಾಡಿಗೆ ಹೋಗುವ ಶಿಕಾರಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಆದರೆ ಸರ್ಕಾರಕ್ಕೆ ಒಂದು ದಿಗಿಲಿತ್ತು. ವಾಯವ್ಯ ಗಡಿಯಲ್ಲಿ ಪಠಾಣರು ಸೈನ್ಯದ ರೈಫಲುಗಳನ್ನು ಕದಿಯುತ್ತಿದ್ದರು. ದಾರಾ ಊರಿನ ಕಮ್ಮಾರರು ಅವುಗಳ ನಕಲನ್ನೂ ಮಾಡುತ್ತಿದ್ದರು. ಬಂದೂಕನ್ನು ನಕಲು ಮಾಡಬಹುದು, ಒಳ್ಳೆಯ ತೋಟಾ ಮಾಡುವುದು ಕಷ್ಟ. ಆದ್ದರಿಂದ ತೋಟಾ ಮೇಲೆ ಹಿಡಿತ ಇಟ್ಟುಕೊಂಡರೆ ಬಂದೂಕಿನ ಮೇಲೂ ಹಿಡಿತ ಇರುತ್ತದೆ ಎಂಬುದು ಅವರ ಲೆಕ್ಕ. ಸೈನ್ಯದ ಉಗ್ರಾಣದಿಂದ ಕದ್ದ ತೋಟಾ ಯಾವುದೇ ಖಾಸಗಿ ರೈಫಲಿಗೆ ಹೊಂದಬಾರದು. ಹಾಗೆ .303 ಬೋರ್ ಜನಸಾಮಾನ್ಯರಿಗೆ ನಿಷೇಧವಾಯಿತು.

ಇದೇ ಲೆಕ್ಕಾಚಾರದಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ಮೇಲೂ ನಿರ್ಬಂಧ ಬಂತು. ಹಳೆಯ ಮಾರ್ಟಿನಿ ರೈಫಲುಗಳು ಆ ಬೋರಿನವು. ಆಗ ಆನೆ, ಕಾಟಿ ಹೊಡೆಯುವ ದೊಡ್ಡ ರೈಫಲುಗಳಲ್ಲಿ ಬಹಳಷ್ಟು .450 ಇದ್ದವು. ಲಂಡನ್ನಿನ ಕಂಪನಿಗಳು ಗ್ರಾಹಕರನ್ನು ಬಿಡಲಿಲ್ಲ. ಕಾಯ್ದೆ ತಪ್ಪಿಸಲು .470, .465 ಎಂಬ ಹೊಸ ಅಳತೆಗಳನ್ನೇ ಹುಟ್ಟುಹಾಕಿದವು. ಆಫ್ರಿಕಾದ ಕಾಡಿನಲ್ಲಿ ಇವತ್ತಿಗೂ ಹೆಸರುವಾಸಿಯಾಗಿರುವ .470 ಬೋರ್ ಹುಟ್ಟಿದ್ದಕ್ಕೆ ಭಾರತದ ಒಂದು ಕಾಯ್ದೆ ಕಾರಣ.

.303ಕ್ಕೂ ಇಂಥದೇ ದಾರಿ ಹುಡುಕಿದರು. ಆಸ್ಟ್ರಿಯಾ ದೇಶದ ಸೈನ್ಯ ಬಳಸುತ್ತಿದ್ದ 8 ಮಿಲಿಮೀಟರ್ ತೋಟಾ ಒಂದಿತ್ತು. ಇಂಚಿನ ಲೆಕ್ಕದಲ್ಲಿ ಅದು .315. ಅದರ ಹಿಂಭಾಗದ ಅಂಚು .303 ತೋಟಾದ ಅಂಚಿಗೆ ಹತ್ತಿರದ ಅಳತೆಯದು. ಆದ್ದರಿಂದ ಲೀ–ಎನ್‌ಫೀಲ್ಡಿನ ಬೋಲ್ಟನ್ನು ಹೆಚ್ಚು ಬದಲಾಯಿಸದೆ, ನಳಿಗೆ ಬೇರೆ ಹಾಕಿದರೆ ಆ ತೋಟಾ ಹೊಂದುತ್ತಿತ್ತು. ಭಾರತದಲ್ಲಿ ಯಾವ ಸೈನ್ಯವೂ ಅದನ್ನು ಬಳಸುತ್ತಿರಲಿಲ್ಲ. ಎರಡೂ ತೋಟಾಗಳ ಆಕಾರ ಬೇರೆ ಬೇರೆ. ಒಂದರ ರೈಫಲಿಗೆ ಇನ್ನೊಂದರ ತೋಟಾ ಹಾಕಿದರೆ ಹಾಕಿದವನ ಪ್ರಾಣಕ್ಕೇ ಅಪಾಯ.

ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಸೈನ್ಯದ ಲೀ ಚೌಕಟ್ಟಿನ ಮೇಲೆಯೇ ಶಿಕಾರಿ ರೈಫಲುಗಳನ್ನು ಕಟ್ಟಿ ಭಾರತಕ್ಕೆ ಕಳಿಸತೊಡಗಿತು. ಸೈನ್ಯದ ರೈಫಲಿನಲ್ಲಿ ನಳಿಗೆಯ ತುದಿಯವರೆಗೂ ಮರ ಹೊದಿಸಿರುತ್ತಾರೆ, ಸಂಗೀನು ಸಿಕ್ಕಿಸಲು ಜಾಗ ಇರುತ್ತದೆ. ಶಿಕಾರಿ ರೈಫಲಿನಲ್ಲಿ ಮುಂದಿನ ಮರವನ್ನು ಅರ್ಧಕ್ಕೆ ನಿಲ್ಲಿಸಿದರು, ಸಂಗೀನಿನ ಕೊಂಡಿ ತೆಗೆದರು, ಹತ್ತು ತೋಟಾದ ಪೆಟ್ಟಿಗೆಯ ಬದಲು ಚಿಕ್ಕ ಪೆಟ್ಟಿಗೆ ಇಟ್ಟರು, ಹಿಡಿಗೆ ನಯವಾದ ಮರ ಹಾಕಿ ಗೆರೆ ಕೆತ್ತಿದರು. ತೂಕ ಇಳಿಯಿತು, ನೋಟ ಬದಲಾಯಿತು. ಒಳಗಿನ ಯಂತ್ರ ಮಾತ್ರ ಸಿಪಾಯಿಯದ್ದೇ ಆಗಿ ಉಳಿಯಿತು.

ಕೋಲಾರ ಮಹಾರಾಜರ ಸಂಸ್ಥಾನದಲ್ಲಿತ್ತು, ನಿಜ. ಆದರೆ ಮೈಸೂರಿಗೆ ಸ್ವಂತ ಬಂದರು ಇರಲಿಲ್ಲ. ವಿಲಾಯಿತಿ ಬಂದೂಕು, ತೋಟಾ ಏನೇ ಬಂದರೂ ಬ್ರಿಟಿಷರ ಬಂದರು ದಾಟಿಯೇ ಬರಬೇಕಿತ್ತು.

ಕಾನ್‌ಸ್ಟೇಬಲಿಗೆ .410

ಇಶಾಪುರ ಕಾರ್ಖಾನೆಯಲ್ಲಿ ಇನ್ನೊಂದು ಬಗೆಯ ಮಾರ್ಪಾಡು ನಡೆಯಿತು. ಸೈನ್ಯದ .303 ರೈಫಲುಗಳನ್ನು ತೆಗೆದುಕೊಂಡು, ಅವುಗಳಿಗೆ ಗೀರಿಲ್ಲದ .410 ಬೋರಿನ ನಳಿಗೆ ಮಾಡಿದರು. ತೋಟಾ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ಇಟ್ಟು ಮುಚ್ಚಿದರು. ಇನ್ನು ಒಂದು ಸಲಕ್ಕೆ ಒಂದೇ ತೋಟಾ. ಈ ಮಸ್ಕೆಟ್‌ಗಳು ಪೊಲೀಸರಿಗೆ, ಜೈಲಿನ ಕಾವಲುಗಾರರಿಗೆ ಹೋದವು.

ಲೆಕ್ಕ ಸರಳ. ಕೈದಿಗಳೋ ಗುಂಪೋ ಕಾವಲುಗಾರನ ಕೈಯಿಂದ ಬಂದೂಕು ಕಸಿದುಕೊಂಡರೂ ಅದರಲ್ಲಿ ಒಂದೇ ಗುಂಡು. ದೂರಕ್ಕೆ ಹೊಡೆಯಲೂ ಆಗದು. ಸೈನ್ಯದ ತೋಟಾ ಅದಕ್ಕೆ ಹೊಂದುವುದೂ ಇಲ್ಲ. 1858ರಲ್ಲಿ ಸಿಪಾಯಿಗೆ ಮಾಡಿದ್ದನ್ನು ಆಮೇಲೆ ಕಾನ್‌ಸ್ಟೇಬಲಿಗೆ ಮಾಡಿದರು.

ಒಂದೇ ರೈಫಲಿನಿಂದ ಮೂರು ಬಗೆ ಆಯಿತು. ಸೈನಿಕನಿಗೆ .303, ಲೈಸೆನ್ಸ್ ಇರುವ ಶಿಕಾರಿಗೆ .315, ಕಾವಲುಗಾರನಿಗೆ .410. ಸರ್ಕಾರ ಯಾರನ್ನು ಎಷ್ಟು ನಂಬುತ್ತದೆ ಎಂಬುದು ನಳಿಗೆಯ ಅಳತೆ ನೋಡಿದರೆ ಗೊತ್ತಾಗುತ್ತಿತ್ತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ

ಬೇರೆ ದೇಶಗಳಲ್ಲಿ ಇದೇ ಕೆಲಸ ಬೇರೆ ರೀತಿ ನಡೆಯಿತು. ಎರಡನೇ ಮಹಾಯುದ್ಧ ಮುಗಿದಾಗ ಲಕ್ಷಗಟ್ಟಲೆ ಸೈನಿಕ ರೈಫಲುಗಳು ಬೇಡವಾಗಿ ಉಳಿದವು. ಅವು ಅಮೆರಿಕದ ಮಾರುಕಟ್ಟೆಗೆ ಅಗ್ಗದ ಬೆಲೆಗೆ ಬಂದವು. ಕೂಲಿ ಮಾಡುವವರೂ ಒಂದು ಹಳೆಯ ಮೌಸರನ್ನೋ ಎನ್‌ಫೀಲ್ಡನ್ನೋ ಕೊಂಡು, ಮನೆಯ ಶೆಡ್ಡಿನಲ್ಲಿ ಮರ ಉಜ್ಜಿ ಹೊಸ ಹಿಡಿ ಮಾಡಿ, ದುರ್ಬೀನು ಕೂರಿಸಿ ಜಿಂಕೆ ಬೇಟೆಗೆ ಹೋಗುತ್ತಿದ್ದರು. ಇದಕ್ಕೆ ಅವರು ‘ಸ್ಪೋರ್ಟರೈಸಿಂಗ್’ ಅನ್ನುತ್ತಾರೆ. ಇಂಗ್ಲೆಂಡಿನ ಪಾರ್ಕರ್–ಹೇಲ್ ಕಂಪನಿ ಇದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡಿತು.

ಆ ಬಿಗಿಯಿಲ್ಲದ ವ್ಯವಸ್ಥೆಗೂ ಬೆಲೆ ತೆರಬೇಕಾಯಿತು. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ರೈಫಲ್ ಇಟಲಿ ಸೈನ್ಯದ ಹಳೆಯ ಸರಕು. ದುರ್ಬೀನು ಸಮೇತ 19.95 ಡಾಲರಿಗೆ ಅಂಚೆಯಲ್ಲಿ ತರಿಸಿದ್ದು. 1968ರಲ್ಲಿ ಅಮೆರಿಕ ಅಂಚೆ ಮೂಲಕ ಬಂದೂಕು ಮಾರುವುದಕ್ಕೆ ಮತ್ತು ಹೊರದೇಶದ ಸೈನಿಕ ಸರಕು ತರಿಸುವುದಕ್ಕೆ ಕಡಿವಾಣ ಹಾಕಿತು.

ನಮ್ಮಲ್ಲಿ ಪ್ರಜೆಯನ್ನು ಅತಿಯಾಗಿ ಅನುಮಾನಿಸಿದರು. ಅಲ್ಲಿ ಯಾರನ್ನೂ ಕೇಳದೆ ಮಾರಿದರು. ಎರಡರ ನಡುವಿನ ದಾರಿ ಹುಡುಕುವುದು ಎರಡೂ ದೇಶಕ್ಕೆ ಸುಲಭವಾಗಲಿಲ್ಲ.

ಕಾಡಿನ ಶಿಕಾರಿಯಿಂದ ಕಪಾಟಿಗೆ

ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಸರನ್ನು ಕೆಲವರಾದರೂ ಕೇಳಿರುತ್ತೀರಿ. ತೇಜಸ್ವಿಯವರ ಕನ್ನಡ ರೂಪಾಂತರಗಳಿಂದ ಆತ ನಮ್ಮ ಮನೆಮಾತಾದ. ಹೊಸೂರು ಆಚೆಯ ಜವಳಗಿರಿ ಕಾಡಿನ ನರಭಕ್ಷಕ ಹುಲಿಯ ಕಥೆ ಬರೆದವನೂ ಆತನೇ. ಆತನ ಕೈಯಲ್ಲಿದ್ದದ್ದು ಅಮೆರಿಕದ .405 ವಿಂಚೆಸ್ಟರ್. ಆ ಬೋರಿನ ತೋಟಾ ಇಲ್ಲಿಯ ಸೈನ್ಯದಲ್ಲಿ ಇರಲಿಲ್ಲ.

ಸ್ವಾತಂತ್ರ್ಯ ಬಂದಾಗ ಆಕ್ಸಿಲರಿ ಫೋರ್ಸ್ ಹೋಯಿತು, ಅದರ ಜೊತೆ ಗೋಲ್ಡ್ ಫೀಲ್ಡ್ ಬೆಟಾಲಿಯನ್ನೂ ಹೋಯಿತು. ಆದರೆ .303ರ ಮೇಲಿನ ನಿಷೇಧ ಹೋಗಲಿಲ್ಲ. 1878ರ ಕಾಯ್ದೆಯ ಜಾಗಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರಲ್ಲೂ ‘ನಿಷೇಧಿತ’, ‘ನಿಷೇಧಿತವಲ್ಲದ’ ಎಂಬ ಭಾಗ ಉಳಿಯಿತು. ಇಶಾಪುರದ ಅದೇ ಕಾರ್ಖಾನೆ ಲೀ–ಎನ್‌ಫೀಲ್ಡಿನ ಚೌಕಟ್ಟಿನ ಮೇಲೆ ಐದು ತೋಟಾದ .315 ಶಿಕಾರಿ ರೈಫಲನ್ನು ತಾನೇ ಮಾಡಿ ಮಾರತೊಡಗಿತು. ಬ್ರಿಟಿಷರು ಹಾಕಿದ ಬೇಲಿಯನ್ನು ಸ್ವತಂತ್ರ ಭಾರತ ಕೀಳಲಿಲ್ಲ, ಅದರ ಪಕ್ಕದಲ್ಲೇ ಅಂಗಡಿ ಇಟ್ಟಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯೇ ನಿಂತಿತು. ಶಿಕಾರಿಗೆಂದು ಹುಟ್ಟಿದ ರೈಫಲಿಗೆ ಶಿಕಾರಿ ಇಲ್ಲದಾಯಿತು. ಆದರೂ .315 ಉಳಿಯಿತು. ಆತ್ಮರಕ್ಷಣೆಗೆ, ಕಾವಲಿಗೆ, ಇನ್ನು ಕೆಲವು ಕಡೆ ಊರಿನಲ್ಲಿ ದೊಡ್ಡಸ್ತಿಕೆ ತೋರಿಸಲಿಕ್ಕೆ. ಪೊಲೀಸರ .303 ಕೂಡ ಬಹಳ ಕಾಲ ಬಾಳಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಅದಕ್ಕೆ ವಿದಾಯ ಹೇಳಿದರು.

ಕೊಡಗಿಗೆ ಒಂದು ನ್ಯಾಯ, ಕೋಲಾರಕ್ಕೆ ಒಂದು?

ಇಲ್ಲಿ ಒಂದು ಮಾತು ಬರುತ್ತದೆ. ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇದೆಯಲ್ಲ, ಅವರಿಗೆ ಲೈಸೆನ್ಸ್ ಬೇಡವಂತಲ್ಲ?

ನಿಜ. 1857ರ ದಂಗೆಯ ಕಾಲದಲ್ಲಿ ಕೊಡಗಿನವರು ಬ್ರಿಟಿಷರ ಪರ ನಿಂತರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ಶಸ್ತ್ರ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಸಮಾಜ ಅದು, ಅವರ ಸಂಪ್ರದಾಯಕ್ಕೆ ಅದರದ್ದೇ ಗೌರವವಿದೆ.

ಆದರೆ ಆ ವಿನಾಯಿತಿಯ ಬೇರು ಎಲ್ಲಿದೆ ನೋಡಿ. ಅದೇ 1857ರಲ್ಲಿ. ನಂಬಿದವರಿಗೆ ಕೋವಿ, ನಂಬದವರಿಗೆ ಕಾಯ್ದೆ. 160 ವರ್ಷದ ಹಿಂದಿನ ಒಬ್ಬ ಆಡಳಿತಗಾರನ ನಂಬಿಕೆ–ಅಪನಂಬಿಕೆ ಇಂದಿನ ಎರಡು ಜಿಲ್ಲೆಗಳ ರೈತರ ನಡುವೆ ಗೆರೆಯಾಗಿ ಉಳಿದಿದೆ.

ಇನ್ನೂ ಒಂದು ಸೂಕ್ಷ್ಮ ಇದೆ. 1959ರ ಕಾಯ್ದೆಯ 13ನೇ ಕಲಮು, ಕನಿಷ್ಠ 20 ಇಂಚು ಉದ್ದದ ಗೀರಿಲ್ಲದ ನಳಿಗೆಯ ಬಂದೂಕಿಗೆ ರಕ್ಷಣೆಯ ಕಾರಣಕ್ಕೂ, ಬಾಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಯ ಕಾರಣಕ್ಕೂ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ರೈಫಲಿಗೆ ಅಷ್ಟು ಸಲೀಸಿಲ್ಲ, ಯಾಕೆ ಬೇಕು ಎಂದು ಬೇರೆಯಾಗಿ ಮನವರಿಕೆ ಮಾಡಿಕೊಡಬೇಕು. ಗೀರಿನ ಗಡಿ ಈಗಲೂ ಇದೆ.

ಲೇತ್ ಬಲ್ಲ ಊರು, ಕಾಯ್ದೆ ಬಲ್ಲ ಊರಾಗಬೇಕು

ಕೆಜಿಎಫ್ ಕೈಕೆಲಸದ ಊರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿಯ ಯಂತ್ರಗಳನ್ನು ಇಲ್ಲಿನ ವರ್ಕ್‌ಶಾಪುಗಳೇ ರಿಪೇರಿ ಮಾಡುತ್ತಿದ್ದವು. 1960ರ ದಶಕದಲ್ಲಿ ಬಿಇಎಂಎಲ್ ಬಂತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಆ ಕಸುಬು ಹೋಗಲಿಲ್ಲ. ಲೇತ್ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳುವ ಫಿಟ್ಟರುಗಳು, ಟರ್ನರುಗಳು ಇರುವ ಊರು ಇದು.

ಅದಕ್ಕೇ ಇದನ್ನು ಬಿಡಿಸಿ ಹೇಳಬೇಕಾಗಿದೆ. ಅಮೆರಿಕದವರು ಶೆಡ್ಡಿನಲ್ಲಿ ಹವ್ಯಾಸಕ್ಕೆ ಮಾಡುವ ಕೆಲಸದ ವಿಡಿಯೋಗಳು ಈಗ ಎಲ್ಲರ ಫೋನಿನಲ್ಲೂ ಬರುತ್ತವೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು ಅಪರಾಧ. ನಳಿಗೆ ಕತ್ತರಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದು ಕೂಡ ಅಪರಾಧ ಎಂದು ಕಾಯ್ದೆಯಲ್ಲೇ ಬರೆದಿದೆ. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ‘ಒಂದು ಸಣ್ಣ ಕೆಲಸ ಮಾಡಿಕೊಡಣ್ಣ’ ಎಂದು ಯಾರಾದರೂ ನಳಿಗೆ ಹಿಡಿದು ವರ್ಕ್‌ಶಾಪಿಗೆ ಬಂದರೆ, ಅದು ಮಾಡಿಕೊಟ್ಟವನನ್ನೂ ಜೈಲಿಗೆ ಕಳಿಸುವ ಕೆಲಸ.

ಅಜ್ಜನ ಕಾಲದ ಬಂದೂಕು ಮನೆಯಲ್ಲಿದ್ದು ಲೈಸೆನ್ಸ್ ಅಜ್ಜನ ಜೊತೆಗೇ ಮುಗಿದಿದ್ದರೆ ಅದನ್ನು ಅಟ್ಟದ ಮೇಲೆ ಬಚ್ಚಿಡುವುದು ಬೇಡ. ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. 2019ರಿಂದ ಒಬ್ಬರಿಗೆ ಎರಡೇ ಬಂದೂಕು. ಲೈಸೆನ್ಸಿನ ಅವಧಿ 5 ವರ್ಷ.

ಆನೆ ಬಂದಾಗ

ಇದೆಲ್ಲ ಹಳೆಯ ಕಥೆ, ಈಗ ಯಾಕೆ ಎಂದು ಕೇಳಬಹುದು. ಕಾಮಸಮುದ್ರ ಕಡೆಯ ರೈತರು ಹಾಗೆ ಕೇಳುವುದಿಲ್ಲ. 1980ರ ದಶಕದಲ್ಲಿ ಹೊಸೂರು ಕಾಡಿನಿಂದ ಆನೆಗಳು ಆಂಧ್ರದ ಕುಪ್ಪಂ, ಪಲಮನೇರು ಕಡೆಗೆ ವಲಸೆ ಹೋದವು. ಅವುಗಳಿಗಾಗಿ ಕೌಂಡಿನ್ಯ ಅಭಯಾರಣ್ಯವೂ ಆಯಿತು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಬಂಗಾರಪೇಟೆ ತಾಲ್ಲೂಕಿನ ಗಡಿ ಊರುಗಳಲ್ಲಿ ರಾಗಿ, ಟೊಮೆಟೊ, ಬಾಳೆ ತುಳಿದು ಹೋಗುತ್ತದೆ. ಜನರ ಜೀವವೂ ಹೋಗಿದೆ. ಪ್ರತಿ ಸಲ ಹೀಗಾದಾಗ ‘ನಮಗೂ ಬಂದೂಕು ಕೊಡಿ’ ಎಂಬ ಮಾತು ಏಳುತ್ತದೆ.

ಆ ಸಿಟ್ಟು ನ್ಯಾಯವಾದದ್ದು. ಆದರೆ ಬಂದೂಕು ಆ ಸಮಸ್ಯೆಗೆ ಉತ್ತರವಲ್ಲ. ಆನೆಗೆ ಕಾಯ್ದೆಯ ಅತಿ ಹೆಚ್ಚಿನ ರಕ್ಷಣೆ ಇದೆ. ಬೆಳೆ ತಿಂದಿತು ಎಂದು ಹೊಡೆಯುವಂತಿಲ್ಲ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಾಗ ಮಾಡಿದ್ದನ್ನು ಮಾತ್ರ ಕಾಯ್ದೆ ಕ್ಷಮಿಸುತ್ತದೆ. ಸಾದಾ ತುಪಾಕಿಯ ಚರೆ ತಾಗಿ ಗಾಯಗೊಂಡ ಆನೆ ಸಾಯುವುದಿಲ್ಲ, ಮನುಷ್ಯರನ್ನು ಕಂಡರೆ ಇನ್ನಷ್ಟು ರೊಚ್ಚಿಗೇಳುತ್ತದೆ. ಬೇಕಾಗಿರುವುದು ಗಟ್ಟಿ ಬೇಲಿ, ಸಮಯಕ್ಕೆ ಬರುವ ಅರಣ್ಯ ಸಿಬ್ಬಂದಿ, ಓಡಾಡಿಸದೆ ಕೊಡುವ ಪರಿಹಾರ, ಮೂರೂ ರಾಜ್ಯಗಳು ಸೇರಿ ಮಾಡುವ ಯೋಜನೆ.

ಆದರೂ ರೈತರ ಮಾತಿನಲ್ಲಿ ಒಂದು ಪ್ರಶ್ನೆ ಅಡಗಿದೆ. ಸರ್ಕಾರ ನಮ್ಮನ್ನು ನಂಬುತ್ತದೆಯೇ? ಲೈಸೆನ್ಸ್ ಕೇಳಿದವನ ಅರ್ಜಿ ಯಾಕೆ ತಿರಸ್ಕಾರವಾಯಿತು ಎಂದು ಬರಹದಲ್ಲಿ ತಿಳಿಸಬೇಕೆಂದು ಈಗಿನ ಕಾಯ್ದೆ ಹೇಳುತ್ತದೆ. ತಿರಸ್ಕಾರವಾದರೆ ಮೇಲ್ಮನವಿಗೆ ಅವಕಾಶವೂ ಇದೆ. 1878ರಲ್ಲಿ ಪ್ರಜೆಗೆ ಕಾರಣ ಕೇಳುವ ಬಾಯಿ ಇರಲಿಲ್ಲ, ಇಂದು ಇದೆ. ಆ ಹಕ್ಕನ್ನು ಬಂದೂಕಿಗೇ ಬಳಸಬೇಕೆಂದಿಲ್ಲ. ಬೆಳೆ ಪರಿಹಾರದ ಅರ್ಜಿ ಎಲ್ಲಿ ನಿಂತಿದೆ, ಬೇಲಿಗೆ ಬಂದ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವುದಕ್ಕೂ ಬಳಸಬಹುದು. ಕಾಮಸಮುದ್ರದ ರೈತ ಇವತ್ತು ಮೊದಲು ಹಾಕಬೇಕಾದ ಅರ್ಜಿ ಅದೇ.